ನೀರು ತುಂಬಿದ ನ್ಯಾನೋನಳಿಕೆಗೆ ವಿದ್ಯುತ್ ಕ್ಷೇತ್ರ: ಸಿಮ್ಯುಲೇಶನ್ ಲೆಕ್ಕ ತಪ್ಪಿದಾಗ ಎಲ್ಲಿ ಹುಡುಕಬೇಕು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಕಾಲೇಜುಗಳಲ್ಲಿ ಎಂ.ಎಸ್ಸಿ., ಎಂ.ಟೆಕ್. ಪ್ರಾಜೆಕ್ಟಿಗೆ ಈ ವಿಷಯ ತೆಗೆದುಕೊಂಡವರಿಗಾಗಿ ಈ ಕೈಪಿಡಿ. ಇಂಗಾಲದ ನ್ಯಾನೋನಳಿಕೆಯೊಳಗೆ ನೀರು ತುಂಬಿ, ವಿದ್ಯುತ್ ಕ್ಷೇತ್ರ ಕೊಟ್ಟು, ನಳಿಕೆಯನ್ನು ಎಳೆದಾಗ ಅಥವಾ ಒತ್ತಿದಾಗ ಏನಾಗುತ್ತದೆ ಎಂದು ಲ್ಯಾಂಪ್ಸ್, ಗ್ರೋಮ್ಯಾಕ್ಸ್ ಎಂಬ ಅಣುಚಲನೆಯ ಸಿಮ್ಯುಲೇಶನ್ ತಂತ್ರಾಂಶಗಳಲ್ಲಿ ನೋಡುವ ಕೆಲಸ ಇದು. ರನ್ ನಿಲ್ಲದೆ ಮುಗಿಯುತ್ತದೆ, ಗ್ರಾಫ್ ಚೆನ್ನಾಗಿಯೇ ಬರುತ್ತದೆ, ಆದರೆ ಅಂಕಿ ತಪ್ಪಿರುತ್ತದೆ. ಇಲ್ಲಿ ಹೆಚ್ಚು ಕಾಡುವುದು ಇಂಥ ಸದ್ದಿಲ್ಲದ ತಪ್ಪು.

ಹುಡುಕಾಟಕ್ಕೆ ಇಳಿಯುವ ಮುನ್ನ ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ಸಾಮಾನ್ಯ ಮಾದರಿಯಲ್ಲಿ ಇಂಗಾಲದ ಪರಮಾಣುವಿನ ಚಾರ್ಜ್ ಸೊನ್ನೆ. ಕ್ಷೇತ್ರ ನಳಿಕೆಯನ್ನು ಮುಟ್ಟುವುದೇ ಇಲ್ಲ. ಅದು ನೀರಿನ ಅಣುಗಳನ್ನು ತಿರುಗಿಸುತ್ತದೆ, ತಿರುಗಿದ ನೀರು ಗೋಡೆಯನ್ನು ಒತ್ತುವ ರೀತಿ ಬದಲಾಗುತ್ತದೆ, ಅಷ್ಟರ ಮಟ್ಟಿಗೆ ಮಾತ್ರ ನಳಿಕೆಗೆ ಸುದ್ದಿ ತಲುಪುತ್ತದೆ. ನಿಮಗೆ ಕಂಡ ಪರಿಣಾಮ ಈ ದಾರಿಯಲ್ಲಿ ಬಂದದ್ದಲ್ಲದಿದ್ದರೆ ಅದು ದೋಷ.

ಮೊದಲು ಕಾಗದದ ಮೇಲೆ

(10,10) ನಳಿಕೆ ತೆಗೆದುಕೊಳ್ಳೋಣ. ಈ ಎರಡು ಸೂಚ್ಯಂಕಗಳು ಇಂಗಾಲದ ಹಾಳೆ ಹೇಗೆ ಸುರುಳಿಯಾಗಿದೆ ಎಂದು ಹೇಳುತ್ತವೆ. ವ್ಯಾಸ 1.356 ನ್ಯಾನೋಮೀಟರ್. ಗೋಡೆಯ ದಪ್ಪ 0.34 ನ್ಯಾನೋಮೀಟರ್ ಎಂದು ಹಿಡಿದರೆ ಗೋಡೆಯ ಅಡ್ಡಕೊಯ್ತದ ವಿಸ್ತೀರ್ಣ 1.45 ಚದರ ನ್ಯಾನೋಮೀಟರ್. ಯಂಗ್ ಗುಣಾಂಕ ಸುಮಾರು 1 ಟೆರಾಪಾಸ್ಕಲ್. ಅಂದರೆ ಶೇ 1ರಷ್ಟು ಎಳೆಯಲು ಅಥವಾ ಒತ್ತಲು 14.5 ನ್ಯಾನೋನ್ಯೂಟನ್ ಬೇಕು.

ಈಗ ನೀರಿನ ಕಡೆ. ಎಸ್‌ಪಿಸಿ/ಇ ಎಂಬ, ಮೂರು ಪರಮಾಣುಗಳ ಗಡಸು ಅಣುವಿನ ಮಾದರಿಯಲ್ಲಿ ನೀರಿನ ದ್ವಿಧ್ರುವ (ಧನ-ಋಣ ಚಾರ್ಜ್‌ಗಳು ಬೇರ್ಪಟ್ಟಿರುವ ಅಳತೆ) 2.35 ಡಿಬೈ. 1 ವೋಲ್ಟ್/ನ್ಯಾನೋಮೀಟರ್ ಕ್ಷೇತ್ರದಲ್ಲಿ ಒಂದು ಅಣುವಿನ ಶಕ್ತಿ 0.049 ಎಲೆಕ್ಟ್ರಾನ್‌ವೋಲ್ಟ್. 300 ಕೆಲ್ವಿನ್‌ನಲ್ಲಿ ಉಷ್ಣಶಕ್ತಿಯ ಅಳತೆ 0.0259 ಎಲೆಕ್ಟ್ರಾನ್‌ವೋಲ್ಟ್, ಹಾಗಾಗಿ ಇದು ಅದರ 1.9 ಪಟ್ಟು. ಘನ ನ್ಯಾನೋಮೀಟರಿಗೆ 33 ಅಣುಗಳಂತೆ ಎಲ್ಲವೂ ಒಂದೇ ದಿಕ್ಕಿಗೆ ನಿಂತರೂ ಶಕ್ತಿಸಾಂದ್ರತೆ ಸುಮಾರು 260 ಮೆಗಾಪಾಸ್ಕಲ್ ಅಷ್ಟೆ. ನೀರಿಗೆ ಸಿಗುವ ಒಳ ಅಡ್ಡಕೊಯ್ತ ಸುಮಾರು 0.81 ಚದರ ನ್ಯಾನೋಮೀಟರ್. ಗುಣಿಸಿದರೆ 0.21 ನ್ಯಾನೋನ್ಯೂಟನ್.

14.5ರ ಎದುರು 0.21. ಬಕ್ಲಿಂಗ್ (ಒತ್ತಿದಾಗ ನಳಿಕೆ ಥಟ್ಟನೆ ಮಡಚುವುದು ಅಥವಾ ಬಾಗುವುದು) ಆಗುವ ಮುನ್ನ, ಉದ್ದದ ದಿಕ್ಕಿನ ಗಡಸುತನದಲ್ಲಿ ಕ್ಷೇತ್ರದ ಗುರುತು ಇಷ್ಟು ಸಣ್ಣದಾಗಿರಬೇಕು. ನಿಮ್ಮ ಗ್ರಾಫಿನಲ್ಲಿ ಯಂಗ್ ಗುಣಾಂಕ ಶೇ 30 ಏರಿದ್ದರೆ ಅದನ್ನು ಸಂಶೋಧನೆ ಎಂದು ಬರೆಯಬೇಡಿ, ಇನ್‌ಪುಟ್ ಫೈಲ್ ತೆರೆಯಿರಿ. ಕ್ಷೇತ್ರದ ನಿಜವಾದ ಕೆಲಸ ಕಾಣುವುದು ನಳಿಕೆಯ ಅಡ್ಡ ಆಕಾರದಲ್ಲಿ, ಬಕ್ಲಿಂಗ್ ಶುರುವಾಗುವ ಹೊತ್ತಿನಲ್ಲಿ ಮತ್ತು ಅದರ ನಂತರ.

ಲಕ್ಷಣ: ಖಾಲಿ ನಳಿಕೆಯೂ ಕ್ಷೇತ್ರಕ್ಕೆ ಸ್ಪಂದಿಸುತ್ತಿದೆ

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಪರೀಕ್ಷೆ ಇದು, ಬಹಳ ಮಂದಿ ಬಿಟ್ಟುಬಿಡುವುದೂ ಇದನ್ನೇ. ನೀರನ್ನು ಪೂರ್ತಿ ತೆಗೆಯಿರಿ. ಅದೇ ನಳಿಕೆ, ಅದೇ ರ‍್ಯಾಂಡಮ್ ಸೀಡ್ (ಆರಂಭದ ವೇಗಗಳನ್ನು ನಿರ್ಧರಿಸುವ ಸಂಖ್ಯೆ), ಅಷ್ಟೇ ಪ್ರೊಸೆಸರ್ ಇಟ್ಟುಕೊಂಡು ಒಮ್ಮೆ ಕ್ಷೇತ್ರ ಸೊನ್ನೆ, ಇನ್ನೊಮ್ಮೆ 1 ವೋಲ್ಟ್/ನ್ಯಾನೋಮೀಟರ್ ಕೊಟ್ಟು ತಲಾ 2,000 ಹೆಜ್ಜೆ ಓಡಿಸಿ. ಎರಡು ಲಾಗ್ ಫೈಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಕೊನೆಯ ಅಂಕಿಯವರೆಗೂ ಒಂದೇ ಇರಬೇಕು. ಚಾರ್ಜ್ ಸೊನ್ನೆಯಾದರೆ ಬಲವೂ ಸೊನ್ನೆ, ಇದರಲ್ಲಿ ಹತ್ತಿರ ಹತ್ತಿರ ಎನ್ನುವ ಮಾತಿಲ್ಲ. ಬಾಕ್ಸ್‌ನಲ್ಲಿ ಚಾರ್ಜ್ ಇಲ್ಲದಿದ್ದರೆ ಲ್ಯಾಂಪ್ಸ್‌ನಲ್ಲಿ ದೂರದ ಕೂಲಂಬ್ ಬಲ ಲೆಕ್ಕ ಹಾಕುವ ಕೆ-ಸ್ಪೇಸ್ ಭಾಗ ತಕರಾರು ತೆಗೆಯುತ್ತದೆ, ಈ ರನ್‌ಗೆ ಮಾತ್ರ ಆ ಸಾಲನ್ನೂ ಕೂಲಂಬ್ ಭಾಗವನ್ನೂ ಕೈಬಿಡಿ.

ವ್ಯತ್ಯಾಸ ಬಂದರೆ ಡೇಟಾ ಫೈಲಿನ ಅಂಕಣ ನೋಡಿ. ‘ಆಟಮ್ ಸ್ಟೈಲ್ ಫುಲ್’ ಕ್ರಮದಲ್ಲಿ ಪರಮಾಣು ಸಂಖ್ಯೆ, ಅಣು ಸಂಖ್ಯೆ, ಬಗೆ, ಚಾರ್ಜ್, ಆಮೇಲೆ ಮೂರು ಸ್ಥಾನಗಳು. ನಳಿಕೆ ಕಟ್ಟುವ ತಂತ್ರಾಂಶದಿಂದ ಬಂದ ಫೈಲಿನಲ್ಲಿ ಅಣು ಸಂಖ್ಯೆಯ ಅಂಕಣ ಇಲ್ಲದಿರುವುದು ಮಾಮೂಲು. ಅದನ್ನು ಕೈಯಾರೆ ಅಂಟಿಸುವಾಗ ಚಾರ್ಜ್ ಅಂಕಣದಲ್ಲಿ ಬೇರೇನೋ ಕೂತುಬಿಡುತ್ತದೆ. ಮತ್ತೊಂದು ಕಾರಣ, ನಳಿಕೆಯ ತುದಿಗೆ ಹೈಡ್ರೋಜನ್ ಹಚ್ಚಿ ಅದಕ್ಕೆ ಸಣ್ಣ ಚಾರ್ಜ್ ಕೊಟ್ಟಿರುವುದು. ಅದು ತಪ್ಪಲ್ಲ, ಆದರೆ ಆಗ ತುದಿಗಳಿಗೆ ಕ್ಷೇತ್ರ ನೇರವಾಗಿ ತಗಲುತ್ತದೆ. ಖಾಲಿ ನಳಿಕೆಯ ಫಲಿತಾಂಶವನ್ನು ಕಳೆದ ಮೇಲೆ ಉಳಿದದ್ದಷ್ಟೇ ನೀರಿನ ಪಾಲು.

ಲಕ್ಷಣ: ಪರಿಣಾಮ ಹತ್ತು ಪಟ್ಟು ಹೆಚ್ಚು, ಇಲ್ಲವೇ ಹತ್ತು ಪಟ್ಟು ಕಡಿಮೆ

ಹತ್ತರ ಲೆಕ್ಕ ಕಂಡಕೂಡಲೇ ಮಾನದ ಮೇಲೆ ಅನುಮಾನ ಪಡಿ. ಗ್ರೋಮ್ಯಾಕ್ಸ್‌ನಲ್ಲಿ ಕ್ಷೇತ್ರದ ಮಾನ ವೋಲ್ಟ್/ನ್ಯಾನೋಮೀಟರ್. ಲ್ಯಾಂಪ್ಸ್‌ನಲ್ಲಿ ಮಾನಗಳ ಗುಂಪು ‘ರಿಯಲ್’ (ಶಕ್ತಿ ಕಿಲೋಕ್ಯಾಲರಿ/ಮೋಲ್‌ನಲ್ಲಿ) ಇರಲಿ ‘ಮೆಟಲ್’ (ಶಕ್ತಿ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ) ಇರಲಿ, ಕ್ಷೇತ್ರದ ಮಾನ ವೋಲ್ಟ್/ಆಂಗ್‌ಸ್ಟ್ರಾಮ್. 1 ವೋಲ್ಟ್/ನ್ಯಾನೋಮೀಟರ್ ಬೇಕೆಂದರೆ ಲ್ಯಾಂಪ್ಸ್‌ನಲ್ಲಿ 0.1 ಬರೆಯಬೇಕು.

ಕಣ್ಣಿಗೆ ಕಾಣುವಂತೆ ಖಚಿತಪಡಿಸಿಕೊಳ್ಳುವ ದಾರಿ ಹೀಗೆ. ನಳಿಕೆ ಬದಿಗಿಡಿ. 1,000 ಎಸ್‌ಪಿಸಿ/ಇ ಅಣುಗಳ ಬರೀ ನೀರಿನ ಬಾಕ್ಸ್ ಮಾಡಿ, 300 ಕೆಲ್ವಿನ್, ಸಾಮಾನ್ಯ ಸಾಂದ್ರತೆ, ಮೂರೂ ದಿಕ್ಕಿಗೆ ಆವರ್ತಕ ಗಡಿ, ದೂರದ ಕೂಲಂಬ್ ಬಲಕ್ಕೆ ಪಿಪಿಪಿಎಂ ಅಥವಾ ಪಿಎಂಇ. ಝಡ್ ದಿಕ್ಕಿಗೆ 0.05 ವೋಲ್ಟ್/ನ್ಯಾನೋಮೀಟರ್ ಕೊಟ್ಟು 1 ನ್ಯಾನೋಸೆಕೆಂಡ್ ಓಡಿಸಿ. ನೀರಿನ ದ್ವಿಧ್ರುವಕ್ಕೂ ಕ್ಷೇತ್ರಕ್ಕೂ ನಡುವಿನ ಕೋನದ ಕೊಸೈನ್ ಸರಾಸರಿ ತೆಗೆಯಿರಿ. ಈ ಮಾದರಿಯ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 71, ಅದರಿಂದ ಲೆಕ್ಕ ಹಾಕಿದರೆ ಉತ್ತರ 0.12ರ ಆಸುಪಾಸು ಬರಬೇಕು. 0.01ರ ಹತ್ತಿರ ಬಂದರೆ ಕ್ಷೇತ್ರ ಹತ್ತು ಪಟ್ಟು ಕಡಿಮೆ ಕೊಟ್ಟಿದ್ದೀರಿ. 0.5 ದಾಟಿದ್ದರೆ ಹತ್ತು ಪಟ್ಟು ಜಾಸ್ತಿ. ಮಧ್ಯಾಹ್ನ ಊಟಕ್ಕೆ ಹೋಗುವ ಮುನ್ನ ಹಾಕಿದರೆ ಸಾಧಾರಣ ಲ್ಯಾಬ್ ಕಂಪ್ಯೂಟರಿನಲ್ಲೂ ಸಂಜೆಯೊಳಗೆ ಮುಗಿಯುವ ಪರೀಕ್ಷೆ. ಇಲ್ಲಿ ಸರಿ ಬಾರದೆ ನಳಿಕೆಗೆ ಕೈ ಹಾಕಬೇಡಿ.

ಕ್ಷೇತ್ರಕ್ಕೊಂದು ಮೇಲ್ಮಿತಿಯೂ ಇದೆ. 1 ವೋಲ್ಟ್/ನ್ಯಾನೋಮೀಟರ್ ಎಂದರೆ ಮೀಟರಿಗೆ 100 ಕೋಟಿ ವೋಲ್ಟ್. ಗಾಳಿಯಲ್ಲಿ ಕಿಡಿ ಹಾರುವುದು ಮೀಟರಿಗೆ ಸುಮಾರು 30 ಲಕ್ಷ ವೋಲ್ಟಿಗೆ. 2012ರಲ್ಲಿ ಪ್ರಕಟವಾದ ಕ್ವಾಂಟಮ್ ಲೆಕ್ಕಾಚಾರಗಳಲ್ಲಿ ಸುಮಾರು 3.5 ವೋಲ್ಟ್/ನ್ಯಾನೋಮೀಟರ್ ತಲುಪಿದಾಗ ನೀರಿನ ಅಣುಗಳೇ ಒಡೆಯತೊಡಗಿದವು. ನಿಮ್ಮ ಗಡಸು ಎಸ್‌ಪಿಸಿ/ಇ ಅಣುವಿಗೆ ಒಡೆಯಲು ಬರುವುದಿಲ್ಲ, 10 ವೋಲ್ಟ್ ಕೊಟ್ಟರೂ ಸುಮ್ಮನೆ ನಿಂತಿರುತ್ತದೆ. ಆ ಮೌನವನ್ನು ನಂಬಬೇಡಿ. 2 ದಾಟದಿರುವುದು ಒಳ್ಳೆಯದು.

ಲಕ್ಷಣ: ನೀರು ಗೋಡೆಗೆ ಅಂಟಿ ಗಟ್ಟಿಯಾಗಿದೆ, ಕ್ಷೇತ್ರ ಕೊಟ್ಟರೂ ಅಲುಗುವುದಿಲ್ಲ

ಇಂಗಾಲಕ್ಕೂ ಆಮ್ಲಜನಕಕ್ಕೂ ನಡುವಿನ ಲೆನಾರ್ಡ್-ಜೋನ್ಸ್ ಅಂಕಿಗಳನ್ನು (ದೂರ ಹೇಳುವ ಸಿಗ್ಮಾ, ಸೆಳೆತದ ಬಿಗಿ ಹೇಳುವ ಎಪ್ಸಿಲಾನ್) ನೋಡಿ. ಗ್ರಾಫೈಟ್ ಮೇಲೆ ನೀರಹನಿಯ ಕೋನ 86 ಡಿಗ್ರಿ ಬರುವಂತೆ ಹೊಂದಿಸಿದ, 2003ರಿಂದ ಬಳಕೆಯಲ್ಲಿರುವ ಅಂಕಿ ಇವು: ಸಿಗ್ಮಾ 3.19 ಆಂಗ್‌ಸ್ಟ್ರಾಮ್, ಎಪ್ಸಿಲಾನ್ 0.392 ಕಿಲೋಜೂಲ್/ಮೋಲ್. ಇದೇ ಎಪ್ಸಿಲಾನ್ ಕಿಲೋಕ್ಯಾಲರಿಯಲ್ಲಿ 0.0937, ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ 0.00406.

ಇಂಗಾಲಕ್ಕೆ ಐರೆಬೋ ಪೊಟೆನ್ಶಿಯಲ್ (ಇಂಗಾಲದ ಬಂಧಗಳ ಬಲ ಲೆಕ್ಕ ಹಾಕುವ ಸೂತ್ರ) ಹಾಕುವವರು ‘ಮೆಟಲ್’ ಮಾನಕ್ಕೆ ಬರುತ್ತಾರೆ, ನೀರಿನ ಅಂಕಿಗಳನ್ನು ಮಾತ್ರ ಹಳೆಯ ‘ರಿಯಲ್’ ಫೈಲಿನಿಂದ ನಕಲು ಮಾಡುತ್ತಾರೆ. 0.0937 ಹಾಗೆಯೇ ಉಳಿದರೆ ಗೋಡೆಯ ಸೆಳೆತ 23 ಪಟ್ಟು ಹೆಚ್ಚುತ್ತದೆ. ನೀರಿನ ಮೊದಲ ಪದರ ಗೋಡೆಗೆ ಮೆತ್ತಿಕೊಂಡು ನಡುವೆ ಟೊಳ್ಳು ಬೀಳುತ್ತದೆ. ಎಸ್‌ಪಿಸಿ/ಇ ಆಮ್ಲಜನಕಕ್ಕೂ ಇದೇ ಎಚ್ಚರ: 0.1553 ಕಿಲೋಕ್ಯಾಲರಿ/ಮೋಲ್ ಎಂದರೆ 0.006735 ಎಲೆಕ್ಟ್ರಾನ್‌ವೋಲ್ಟ್. ಕ್ಷೇತ್ರ ಹೆಚ್ಚಿಸಿ ನೀರನ್ನು ಬಿಡಿಸಲು ಹೋಗಬೇಡಿ. ಹುತ್ತ ಬಡಿದರೆ ಹಾವು ಸಾಯುವುದಿಲ್ಲ.

ಲಕ್ಷಣ: ನೀರಿನ ತಾಪಮಾನ 200 ಕೆಲ್ವಿನ್ ತೋರಿಸುತ್ತಿದೆ

300 ಕೇಳಿದ್ದೀರಿ, ಸರಿಯಾಗಿ 200 ಬಂದಿದೆ ಎಂದರೆ ನೀರು ತಣ್ಣಗಾಗಿಲ್ಲ, ಎಣಿಕೆ ತಪ್ಪಿದೆ. ಮೂರು ಪರಮಾಣುಗಳಿಗೆ ಒಂಬತ್ತು ಚಲನೆಯ ದಾರಿಗಳು, ಬಂಧದ ಉದ್ದ, ಕೋನ ಬದಲಾಗದಂತೆ ಹಿಡಿಯುವ ಶೇಕ್ ಕಟ್ಟುಪಾಡು ಮೂರನ್ನು ಮುಚ್ಚುತ್ತದೆ, ಉಳಿದದ್ದು ಆರು. ತಾಪಮಾನ ಲೆಕ್ಕ ಹಾಕುವ ಸಾಲಿಗೆ ಆ ಮೂರರ ಸುದ್ದಿ ಮುಟ್ಟದಿದ್ದರೆ 300ನ್ನು ಒಂಬತ್ತರಲ್ಲಿ ಆರು ಪಾಲು ಮಾಡಿ 200 ಎನ್ನುತ್ತದೆ. ಥರ್ಮೋಸ್ಟಾಟ್ ಈ ತಪ್ಪು ಅಂಕಿಯನ್ನು ನಂಬಿದರೆ ನೀರನ್ನು ನಿಜಕ್ಕೂ 450 ಕೆಲ್ವಿನ್‌ಗೆ ಕಾಯಿಸಿಬಿಡುತ್ತದೆ. ಶೇಕ್ ಸಾಲು ಥರ್ಮೋಸ್ಟಾಟ್ ಸಾಲಿಗಿಂತ ಮೊದಲು ಬರಲಿ, ತಾಪಮಾನದ ಗುಂಪಿನಲ್ಲಿ ಪೂರ್ತಿ ಅಣುಗಳಿರಲಿ, ಬರೀ ಆಮ್ಲಜನಕ ಬೇಡ.

ನಿಜವಾಗಿ ಕಾಯುವ ಸಂದರ್ಭವೂ ಉಂಟು. ಕ್ಷೇತ್ರವನ್ನು ಒಮ್ಮೆಲೇ ಹಾಕಿದರೆ ದ್ವಿಧ್ರುವಗಳು ತಿರುಗಿ ಶಕ್ತಿ ಬಿಡುತ್ತವೆ. ಅಣುವಿಗೆ 0.049 ಎಲೆಕ್ಟ್ರಾನ್‌ವೋಲ್ಟ್ ಪೂರ್ತಿ ಚಲನಶಕ್ತಿಯಾದರೆ 190 ಕೆಲ್ವಿನ್ ಏರಿಕೆ. ಒಂದು ಪಾಲು ಹೈಡ್ರೋಜನ್ ಬಂಧಗಳಿಗೆ ಹಂಚಿಹೋಗುವುದರಿಂದ ಅಷ್ಟಾಗದು, ಆದರೂ ಬಿಸಿ ಬಿಸಿಯೇ. 100 ಪಿಕೋಸೆಕೆಂಡ್ ಅವಧಿಯಲ್ಲಿ ಹಂತ ಹಂತವಾಗಿ ಏರಿಸಿ. ನೀರಿಗೊಂದು, ಇಂಗಾಲಕ್ಕೊಂದು ಥರ್ಮೋಸ್ಟಾಟ್ ಇಟ್ಟು ಎರಡೂ ತಾಪಮಾನಗಳನ್ನು ಲಾಗ್‌ನಲ್ಲಿ ಬೇರೆ ಬೇರೆ ಅಚ್ಚು ಹಾಕಿಸಿ. ಒಟ್ಟು ತಾಪಮಾನ 300 ಇದ್ದು ನೀರು 330, ಇಂಗಾಲ 290 ಇರುವುದು ಸಾಧ್ಯ. ಆಮೇಲೆ ‘ಕ್ಷೇತ್ರದಿಂದ ಮೆತ್ತಗಾಯಿತು’ ಎಂದು ಬರೆದದ್ದು ಬಿಸಿಯಿಂದ ಮೆತ್ತಗಾದದ್ದು ಎಂದು ತೇಲುತ್ತದೆ.

ಲಕ್ಷಣ: ಯಂಗ್ ಗುಣಾಂಕ 40 ಗಿಗಾಪಾಸ್ಕಲ್

ಇದು ಬಾಕ್ಸ್‌ನ ವಿಸ್ತೀರ್ಣದಿಂದ ಭಾಗಿಸಿದ ಫಲ. ತಂತ್ರಾಂಶ ಕೊಡುವ ಒತ್ತಡ ಇಡೀ ಬಾಕ್ಸ್‌ನದು. ಬಾಕ್ಸ್ 6 × 6 ನ್ಯಾನೋಮೀಟರ್ ಇದ್ದರೆ 36 ಚದರ ನ್ಯಾನೋಮೀಟರ್, ಗೋಡೆ 1.45. ಅನುಪಾತ ಸುಮಾರು 25. 40ನ್ನು 25ರಿಂದ ಗುಣಿಸಿ, 1 ಟೆರಾಪಾಸ್ಕಲ್ ಬಂತು. ಚಿಹ್ನೆಯನ್ನೂ ಗಮನಿಸಿ, ಅಲ್ಲಿ ಒತ್ತಿದಾಗ ಧನ, ಎಳೆದಾಗ ಋಣ.

ಗುಣಾಂಕ 5 ಟೆರಾಪಾಸ್ಕಲ್ ಬಂದರೆ ಗೋಡೆಯ ದಪ್ಪ 0.066 ನ್ಯಾನೋಮೀಟರ್ ಹಿಡಿದ ಪದ್ಧತಿ ನಿಮ್ಮ ಲೆಕ್ಕದಲ್ಲಿ ನುಸುಳಿದೆ. 1996ರಲ್ಲಿ ನಳಿಕೆಯನ್ನು ತೆಳು ಚಿಪ್ಪಿನಂತೆ ಕಂಡ ಪ್ರಬಂಧದಲ್ಲಿ ದಪ್ಪ 0.066, ಗುಣಾಂಕ 5.5 ಎಂದಿತ್ತು. ಎರಡನ್ನೂ ಗುಣಿಸಿದರೆ ಸಿಗುವ ಮೀಟರಿಗೆ 360 ನ್ಯೂಟನ್ ಮಾತ್ರ ತಕರಾರಿಲ್ಲದ ಅಂಕಿ. ಒಂದು ದಪ್ಪ ಹಿಡಿದರೆ ಕೊನೆಯವರೆಗೂ ಅದೇ. ನೀರು ತುಂಬಿದೆ ಎಂದು ಪೂರ್ತಿ ವೃತ್ತದ ವಿಸ್ತೀರ್ಣದಿಂದ ಭಾಗಿಸಲು ಶುರು ಮಾಡಿದರೆ ಖಾಲಿ ನಳಿಕೆಯ ಜೊತೆ ಹೋಲಿಕೆಯೇ ಸತ್ತುಹೋಗುತ್ತದೆ. ನಮ್ಮ ಸಲಹೆ: ಸ್ಟ್ರೆಸ್ ಬಿಟ್ಟು ಬಲವನ್ನೇ ನ್ಯಾನೋನ್ಯೂಟನ್‌ನಲ್ಲಿ ಬರೆಯಿರಿ.

ಸೊನ್ನೆ ಸ್ಟ್ರೇನ್‌ನಲ್ಲೇ, ಅಂದರೆ ನಳಿಕೆಯನ್ನು ಇನ್ನೂ ಎಳೆಯದೆ ಒತ್ತದೆ ಇರುವಾಗಲೇ, ಇಪ್ಪತ್ತು ಚಿಲ್ಲರೆ ನ್ಯಾನೋನ್ಯೂಟನ್ ಎಳೆತ ಕಂಡರೆ ಬಂಧದ ಉದ್ದ ನೋಡಿ. ನಳಿಕೆ ಕಟ್ಟುವ ತಂತ್ರಾಂಶ 1.42 ಆಂಗ್‌ಸ್ಟ್ರಾಮ್ ಇಡುತ್ತದೆ, ಐರೆಬೋಗೆ ಹಿತವಾದದ್ದು ಸುಮಾರು 1.40. ನೀರು ತುಂಬುವ ಮುನ್ನ ಝಡ್ ದಿಕ್ಕಿನ ಒತ್ತಡ ಸೊನ್ನೆಯಾಗುವವರೆಗೆ ಬಾಕ್ಸ್ ಸಡಿಲಿಸಿ. ಹೆಚ್ಚು ಎಳೆಯುವವರು ಐರೆಬೋ ಫೈಲಿನ 1.7 ಆಂಗ್‌ಸ್ಟ್ರಾಮ್ ಒಳ ಕಟ್-ಆಫ್ ಅನ್ನು 1.92 ಮತ್ತು 2.0ರ ನಡುವಿಗೆ ಏರಿಸದಿದ್ದರೆ ಮುರಿಯುವ ಮುನ್ನ ಸುಳ್ಳು ಗಡಸುತನ ಕಾಣುತ್ತದೆ. ಒತ್ತುವವರಿಗೆ ಅದರ ಚಿಂತೆ ಇಲ್ಲ.

ಲಕ್ಷಣ: ನೀರು ಹೆಚ್ಚು ತುಂಬಿದ್ದಕ್ಕೋ ಕ್ಷೇತ್ರಕ್ಕೋ, ಬೇರೆ ಮಾಡಲಾಗುತ್ತಿಲ್ಲ

ನೀರಿನ ಬಲ್ಕ್ ಗುಣಾಂಕ ಸುಮಾರು 2.2 ಗಿಗಾಪಾಸ್ಕಲ್. ಶೇ 1ರಷ್ಟು ಹೆಚ್ಚು ತುರುಕಿದರೆ 22 ಮೆಗಾಪಾಸ್ಕಲ್, ಶೇ 5 ತುರುಕಿದರೆ 110. ಕ್ಷೇತ್ರದಿಂದ ಬರಬಹುದಾದ ಒತ್ತಡವೂ ಇದೇ ಅಂತಸ್ತಿನದು. ಅಂದರೆ ಹತ್ತು ಹದಿನೈದು ಅಣು ಹೆಚ್ಚು ಕಡಿಮೆಯಾದರೆ ಕ್ಷೇತ್ರದ ಸದ್ದೇ ಕೇಳಿಸದು.

40 ಆವರ್ತನದ (10,10) ನಳಿಕೆ, 1,600 ಇಂಗಾಲ, 9.84 ನ್ಯಾನೋಮೀಟರ್ ಉದ್ದ. ವ್ಯಾಸದಲ್ಲಿ 0.34 ಕಳೆದು ಲೆಕ್ಕ ಹಾಕಿದರೆ ಸುಮಾರು 265 ಅಣು. ಇದನ್ನು ಆರಂಭದ ಅಂದಾಜಾಗಿ ಮಾತ್ರ ಬಳಸಿ. ಸರಿಯಾದ ದಾರಿ ಎಂದರೆ ನಳಿಕೆಯ ಎರಡೂ ತುದಿಗೆ ನೀರಿನ ತೊಟ್ಟಿ ಇಟ್ಟು, 1 ವಾತಾವರಣ ಒತ್ತಡದಲ್ಲಿ ಒಳಗಿನ ಸಂಖ್ಯೆ ಸ್ಥಿರವಾಗುವವರೆಗೆ ಕಾಯುವುದು, ಆ ಸಂಖ್ಯೆ ಎಣಿಸಿ ತುದಿ ಮುಚ್ಚುವುದು. ಕ್ಷೇತ್ರ ಇದ್ದಾಗ ತುಂಬುವುದೂ ಇಲ್ಲದಾಗ ತುಂಬುವುದೂ ಬೇರೆ ಬೇರೆ ಸಂಖ್ಯೆ ಕೊಡಬಹುದು. ಹಾಗಾಗಿ ನಿಮ್ಮದು ಅಣುಸಂಖ್ಯೆ ಸ್ಥಿರವಿಟ್ಟ ಮುಚ್ಚಿದ ನಳಿಕೆಯೋ, ತೊಟ್ಟಿಗೆ ತೆರೆದ ನಳಿಕೆಯೋ ಎಂಬುದನ್ನು ವರದಿಯ ಮೊದಲ ಪುಟದಲ್ಲೇ ಬರೆಯಿರಿ. ಇವೆರಡೂ ಬೇರೆ ಪ್ರಯೋಗಗಳು. ಮುಚ್ಚಿದ ನಳಿಕೆಯನ್ನು ಶೇ 5 ಒತ್ತಿದರೆ ಒಳಗಿನ ಜಾಗ ಸುಮಾರು ಶೇ 3 ಕುಗ್ಗಿ ನೀರಿನ ಒತ್ತಡ ಅರವತ್ತಕ್ಕೂ ಹೆಚ್ಚು ಮೆಗಾಪಾಸ್ಕಲ್ ಏರುತ್ತದೆ. ತೆರೆದ ನಳಿಕೆಯಲ್ಲಿ ನೀರು ಸುಮ್ಮನೆ ಹೊರಗೆ ಜಾರುತ್ತದೆ.

ಲಕ್ಷಣ: ಕ್ಷೇತ್ರ ಕೊಟ್ಟರೂ ಏನೂ ಬದಲಾಗಿಲ್ಲ

ಇದಕ್ಕೆ ನಮ್ಮ ಕಡೆ ಅತಿ ಹೆಚ್ಚು ಸಲ ಕಾರಣವಾಗುವುದು ಕರೆಂಟ್. ಮೂರು ದಿನದ ರನ್ ನಡುವೆ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟಿರುತ್ತದೆ. ಬೆಳಿಗ್ಗೆ ರಿಸ್ಟಾರ್ಟ್ ಫೈಲಿನಿಂದ ಮುಂದುವರಿಸುತ್ತೀರಿ. ಲ್ಯಾಂಪ್ಸ್‌ನ ರಿಸ್ಟಾರ್ಟ್ ಫೈಲಿನಲ್ಲಿ ಪರಮಾಣುಗಳ ಸ್ಥಾನ, ವೇಗ ಉಳಿಯುತ್ತವೆ. ಕ್ಷೇತ್ರ ಕೊಡುವ ‘ಫಿಕ್ಸ್ ಎಫೀಲ್ಡ್’ ಸಾಲು ಉಳಿಯುವುದಿಲ್ಲ. ಮುಂದುವರಿಕೆ ಸ್ಕ್ರಿಪ್ಟಿನಲ್ಲಿ ಆ ಸಾಲು ಇಲ್ಲದಿದ್ದರೆ ಕ್ಷೇತ್ರ ಸೊನ್ನೆ, ಯಾವ ಎಚ್ಚರಿಕೆಯೂ ಬರದು. ಶೇಕ್ ಸಾಲನ್ನೂ, ಐರೆಬೋ ಸಾಲುಗಳನ್ನೂ ಮತ್ತೆ ಬರೆಯಬೇಕು. ಐರೆಬೋ ಮರೆತರೆ ರನ್ ನಿಂತು ನೆನಪಿಸುತ್ತದೆ, ಕ್ಷೇತ್ರ ಮರೆತರೆ ನೆನಪಿಸುವವರಿಲ್ಲ. ಕ್ಷೇತ್ರವನ್ನು ಹೆಜ್ಜೆಯ ಲೆಕ್ಕದಲ್ಲಿ ಏರಿಸುತ್ತಿದ್ದರೆ, ಮುಂದುವರಿದ ರನ್ ಮತ್ತೆ ಸೊನ್ನೆಯಿಂದ ಏರಿಸಲು ಶುರು ಮಾಡದಂತೆ ಹೆಜ್ಜೆಯ ಸಂಖ್ಯೆಯನ್ನೂ ನೋಡಿಕೊಳ್ಳಿ. ಗ್ರೋಮ್ಯಾಕ್ಸ್‌ನಲ್ಲಿ ಕ್ಷೇತ್ರ ರನ್ ಇನ್‌ಪುಟ್ ಫೈಲಿನೊಳಗೇ ಇರುವುದರಿಂದ ಚೆಕ್‌ಪಾಯಿಂಟ್‌ನಿಂದ ಮುಂದುವರಿಸಿದಾಗ ಈ ತೊಂದರೆ ಇಲ್ಲ.

ಪತ್ತೆ ಹಚ್ಚಲು ನೀರಿನ ಒಟ್ಟು ದ್ವಿಧ್ರುವದ ಝಡ್ ಘಟಕವನ್ನು ಪ್ರತಿ ಸಾವಿರ ಹೆಜ್ಜೆಗೊಮ್ಮೆ ಲಾಗ್‌ನಲ್ಲಿ ಅಚ್ಚು ಹಾಕಿಸಿ. ರಿಸ್ಟಾರ್ಟ್ ಆದ ಜಾಗದಲ್ಲಿ ಆ ಅಂಕಣ ಕುಸಿದಿದ್ದರೆ ಉತ್ತರ ಸಿಕ್ಕಿತು, ಅಲ್ಲಿಂದ ಮುಂದಿನ ರನ್ ಎಸೆಯಿರಿ.

ಎರಡನೆಯ ಕಾರಣ, ನಳಿಕೆಯ ಅಕ್ಷ ಎಕ್ಸ್, ಕ್ಷೇತ್ರ ಝಡ್. ಹೀಗೂ ಆಗುತ್ತದೆ, ಚಿತ್ರ ತೆರೆದು ನೋಡಿ.

ಮೂರನೆಯದು ದೋಷವೇ ಅಲ್ಲ. (6,6) ನಳಿಕೆಯ ವ್ಯಾಸ 0.81 ನ್ಯಾನೋಮೀಟರ್. ಅದರೊಳಗೆ ನೀರು ಒಂದರ ಹಿಂದೆ ಒಂದು ಸಾಲಾಗಿ ನಿಲ್ಲುತ್ತದೆ ಎಂದು 2001ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಸಿಮ್ಯುಲೇಶನ್ ತೋರಿಸಿತು. ಆ ಸಾಲಿನ ದ್ವಿಧ್ರುವಗಳು ಕ್ಷೇತ್ರ ಇಲ್ಲದೆಯೇ ಒಂದೇ ಕಡೆ ಮುಖ ಮಾಡಿರುತ್ತವೆ. ತಿರುಗಿದರೆ ಇಡೀ ಸಾಲೇ ತಿರುಗುತ್ತದೆ. 20 ಅಣುಗಳ ಸಾಲಿಗೆ ಸುಮಾರು 0.03 ವೋಲ್ಟ್/ನ್ಯಾನೋಮೀಟರ್ ಸಿಕ್ಕರೂ ಉಷ್ಣಶಕ್ತಿಗೆ ಸಮನಾದ ಒಲವು ಬಂದುಬಿಡುತ್ತದೆ. ಅದಾಗಲೇ ಸಾಲಾಗಿ ನಿಂತವರಿಗೆ ಸಾಲಾಗಿ ನಿಲ್ಲಿ ಎಂದರೆ ಏನು ಬದಲಾಗಬೇಕು? ಕ್ಷೇತ್ರದ ಪರಿಣಾಮ ನೋಡಬೇಕಾದವರು (8,8) ಅಥವಾ ಅದಕ್ಕಿಂತ ದೊಡ್ಡ ನಳಿಕೆ ತೆಗೆದುಕೊಳ್ಳಿ.

ಕ್ಷೇತ್ರದೊಂದಿಗೆ ಶಕ್ತಿ ಕನಿಷ್ಠಗೊಳಿಸುವ ಹಂತ ಅರ್ಧಕ್ಕೇ ನಿಂತರೆ ‘ಫಿಕ್ಸ್ ಮಾಡಿಫೈ’ ಸಾಲಿನಲ್ಲಿ ‘ಎನರ್ಜಿ ಯೆಸ್’ ಇಲ್ಲ ಎಂದರ್ಥ. ಬಲದಲ್ಲಿ ಕ್ಷೇತ್ರ ಇದೆ, ಶಕ್ತಿಯಲ್ಲಿ ಇಲ್ಲ, ಎರಡೂ ತಾಳೆಯಾಗುವುದಿಲ್ಲ.

ಲಕ್ಷಣ: ನೀರು ಒಂದೇ ದಿಕ್ಕಿಗೆ ಹರಿಯುತ್ತಿದೆ

ಸ್ಥಿರವಾದ, ಎಲ್ಲೆಡೆ ಸಮನಾದ ಕ್ಷೇತ್ರ ತಟಸ್ಥ ಅಣುವನ್ನು ತಿರುಗಿಸಬಲ್ಲದು, ತಳ್ಳಲಾರದು. ಶಕ್ತಿ ಪೂರೈಸದೆ ನೀರು ನಿರಂತರ ಹರಿಯುತ್ತದೆ ಎಂದರೆ ಬಾವಿಯಿಂದ ಪಂಪಿಲ್ಲದೆ ನೀರು ಮೇಲೆ ಬಂದಂತೆ. ಈ ತಪ್ಪು ದೊಡ್ಡ ಪತ್ರಿಕೆಗಳಲ್ಲೂ ನುಸುಳಿದೆ. ನಳಿಕೆಯ ಪಕ್ಕ ಸ್ಥಿರ ಚಾರ್ಜ್‌ಗಳನ್ನು ಇಟ್ಟರೆ ನೀರು ಪಂಪ್ ಆಗುತ್ತದೆ ಎಂದು 2007ರಲ್ಲಿ ನೇಚರ್ ನ್ಯಾನೋಟೆಕ್ನಾಲಜಿಯಲ್ಲಿ ಬಂತು. ಆ ಹರಿವು ಸಿಮ್ಯುಲೇಶನ್ ಆಯ್ಕೆಗಳಿಂದ ಹುಟ್ಟಿದ ಸುಳ್ಳು ಎಂದು 2010ರಲ್ಲಿ ಅದೇ ಪತ್ರಿಕೆಯಲ್ಲಿ ಇನ್ನೊಂದು ತಂಡ ತೋರಿಸಿತು.

ಹುಡುಕುವ ಕ್ರಮ: ‘ಫಿಕ್ಸ್ ಎಫೀಲ್ಡ್’ ತಾನು ಕೊಟ್ಟ ಒಟ್ಟು ಬಲದ ಮೂರು ಘಟಕಗಳನ್ನು ಹೊರಗೆ ಕೊಡುತ್ತದೆ. ಲಾಗ್‌ನಲ್ಲಿ ಹಾಕಿಸಿ. ತಟಸ್ಥ ನೀರಿಗೆ ಅವು ಸೊನ್ನೆ. 1 ವೋಲ್ಟ್/ನ್ಯಾನೋಮೀಟರ್‌ಗೆ 0.16 ನ್ಯಾನೋನ್ಯೂಟನ್ ಕಂಡರೆ ಒಂದು ಎಲೆಕ್ಟ್ರಾನಿನಷ್ಟು ಚಾರ್ಜ್ ಎಲ್ಲೋ ಉಳಿದಿದೆ. ಎಸ್‌ಪಿಸಿ/ಇ ಅಂಕಿ ಆಮ್ಲಜನಕಕ್ಕೆ -0.8476, ಹೈಡ್ರೋಜನಿಗೆ 0.4238, ಕೊನೆಯ ಅಂಕಿಯನ್ನು ದುಂಡುಗೊಳಿಸಿ 0.424 ಎಂದು ಬರೆದರೂ ಸಾವಿರ ಅಣುಗಳಲ್ಲಿ ಅದು ಕೂಡುತ್ತಾ ಹೋಗುತ್ತದೆ. ಬಲ ಸೊನ್ನೆಯಿದ್ದೂ ನೀರು ಹರಿದರೆ ನೆರೆಪಟ್ಟಿ (ಯಾವ ಪರಮಾಣುವಿನ ಹತ್ತಿರ ಯಾವುದಿದೆ ಎಂಬ ಪಟ್ಟಿ) ಪ್ರತಿ ಹೆಜ್ಜೆ ಪರೀಕ್ಷೆಯಾಗುವಂತೆ ಮಾಡಿ, ರನ್ ಕೊನೆಯಲ್ಲಿ ‘ಡೇಂಜರಸ್ ಬಿಲ್ಡ್ಸ್’ ಎದುರು ಸೊನ್ನೆ ಇದೆಯೇ ನೋಡಿ. ಕೂಲಂಬ್ ಬಲವನ್ನು ಸರಳ ಕಟ್-ಆಫ್‌ನಿಂದ ಕತ್ತರಿಸಬೇಡಿ. ಲೆನಾರ್ಡ್-ಜೋನ್ಸ್ ಕಟ್-ಆಫ್ ಹತ್ತಿರ ಬಲ ಥಟ್ಟನೆ ನಿಲ್ಲದೆ ಮೆಲ್ಲಗೆ ಸೊನ್ನೆಗಿಳಿಯುವ ರೂಪ ಬಳಸಿ. ನಳಿಕೆಯ ಕೆಲವು ಪರಮಾಣುಗಳನ್ನು ಹಿಡಿದಿಡಿ, ಇಲ್ಲದಿದ್ದರೆ ಒಟ್ಟು ದ್ರವ್ಯಕೇಂದ್ರದ ಚಲನೆಯನ್ನು ತೆಗೆಯುವ ಸಾಲೇ ನೀರಿಗೂ ನಳಿಕೆಗೂ ಎದುರುಬದುರು ಓಟ ಕಲಿಸುತ್ತದೆ.

ಪಾವಗಡ ಕಡೆಯ ಬೋರ್‌ವೆಲ್ ಫ್ಲೋರೈಡ್ ಮನಸ್ಸಿನಲ್ಲಿಟ್ಟುಕೊಂಡು ನೀರಿಗೆ ಫ್ಲೋರೈಡ್ ಅಯಾನು ಸೇರಿಸುವವರಿದ್ದಾರೆ. ಆಸೆ ಒಳ್ಳೆಯದು, ಅಂಕಿಯನ್ನೂ ನೋಡಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಫ್ಲೋರೈಡಿನ ಮೇಲ್ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅಂದರೆ ಏಳು ಲಕ್ಷ ನೀರಿನ ಅಣುಗಳಿಗೆ ಒಂದು ಅಯಾನು. ನಿಮ್ಮ 265 ಅಣುಗಳ ನಳಿಕೆಗೆ ಒಂದೇ ಒಂದು ಅಯಾನು ಹಾಕಿದರೂ ಆ ಮಿತಿಯ 2,600 ಪಟ್ಟು ದಾಟುತ್ತೀರಿ. ಅದು ಬೋರ್‌ವೆಲ್ ನೀರಲ್ಲ. ಜೊತೆಗೊಂದು ಸೋಡಿಯಂ ಅಯಾನು ಹಾಕದಿದ್ದರೆ ಒಟ್ಟು ಚಾರ್ಜ್ ಉಳಿದು ಕ್ಷೇತ್ರ ಇಡೀ ನೀರನ್ನು ಎಳೆಯುತ್ತದೆ, ಹಾಕಿದರೆ ಎರಡೂ ಅಯಾನುಗಳು ಎದುರು ದಿಕ್ಕಿಗೆ ನಡೆಯುತ್ತವೆ. ಆಗ ಕಾಣುವ ಹರಿವು ನಿಜವಾದದ್ದೇ, ಆದರೆ ಬರೀ ನೀರಿನದಲ್ಲ.

ಲಕ್ಷಣ: ಬಕ್ಲಿಂಗ್ ಬಲ ಪ್ರತಿ ರನ್‌ಗೂ ಬೇರೆ

ತಿಪಟೂರಿನ ತೆಂಗಿನ ತೋಟದ ಕಪ್ಪು ಡ್ರಿಪ್ ಪೈಪು ಖಾಲಿಯಿದ್ದಾಗ ಬಗ್ಗಿಸಿದರೆ ಒಂದು ಕಡೆ ಲಟಕ್ಕನೆ ಮಡಚಿ ಚಪ್ಪಟೆಯಾಗುತ್ತದೆ. ನೀರು ತುಂಬಿ ನಿಂತ ಪೈಪು ಅಷ್ಟು ಸುಲಭಕ್ಕೆ ಮಡಚುವುದಿಲ್ಲ, ಚಪ್ಪಟೆಯಾಗಲು ಒಳಗಿನ ನೀರು ಜಾಗ ಬಿಡಬೇಕು. ನ್ಯಾನೋನಳಿಕೆಯಲ್ಲೂ ನೀರಿನ ಆಸರೆ ಸಿಗುವುದು ಈ ಚಪ್ಪಟೆಯಾಗುವ ಗಳಿಗೆಯಲ್ಲೇ. ಕ್ಷೇತ್ರ ನೀರಿನ ಜೋಡಣೆಯನ್ನು ಬಿಗಿ ಮಾಡಿದರೆ ಅಥವಾ ಕೆಡಿಸಿದರೆ ಅದರ ಗುರುತನ್ನು ಇಲ್ಲಿ ಹುಡುಕಬೇಕು.

ಯಾವ ಬಗೆಯ ಬಕ್ಲಿಂಗ್ ಎಂದು ಮೊದಲು ತಿಳಿಯಿರಿ. ಚಿಪ್ಪು ಮಡಚುವ ಸ್ಟ್ರೇನ್ ಅಂದಾಜು 0.077ನ್ನು ನ್ಯಾನೋಮೀಟರ್ ವ್ಯಾಸದಿಂದ ಭಾಗಿಸಿದಷ್ಟು: (10,10) ನಳಿಕೆಗೆ ಶೇ 5.7, ಬಲ ಸುಮಾರು 82 ನ್ಯಾನೋನ್ಯೂಟನ್. ಎರಡೂ ತುದಿ ಬಿಗಿದ 10 ನ್ಯಾನೋಮೀಟರ್ ನಳಿಕೆಗೆ ಆಯ್ಲರ್ ಸೂತ್ರದ ಉತ್ತರ ಸುಮಾರು 131, ಹಾಗಾಗಿ ಚಿಪ್ಪು ಮೊದಲು ಮಡಚುತ್ತದೆ. ಉದ್ದ 20 ಮಾಡಿದರೆ ಆಯ್ಲರ್ ಉತ್ತರ 33ಕ್ಕೆ ಇಳಿದು ಇಡೀ ನಳಿಕೆ ಕೋಲಿನಂತೆ ಬಾಗುತ್ತದೆ, ಅಡ್ಡಕೊಯ್ತ ದುಂಡಗೇ ಉಳಿಯುತ್ತದೆ, ನೀರಿಗೆ ಕೆಲಸವೇ ಇಲ್ಲ. ಒಬ್ಬರು 10ರಲ್ಲಿ, ಇನ್ನೊಬ್ಬರು 20ರಲ್ಲಿ ಓಡಿಸಿ ಕ್ಷೇತ್ರದ ಬಗ್ಗೆ ವಾದಕ್ಕಿಳಿದರೆ ಇಬ್ಬರೂ ಬೇರೆ ಬೇರೆ ಸಂಗತಿ ನೋಡಿರುತ್ತಾರೆ.

ಒತ್ತುವ ವೇಗ ಇನ್ನೊಂದು ಕಾರಣ. 10 ನ್ಯಾನೋಮೀಟರ್ ನಳಿಕೆಯ ತುದಿಯನ್ನು ಸೆಕೆಂಡಿಗೆ 10 ಮೀಟರ್ ತಳ್ಳಿದರೆ ಸ್ಟ್ರೇನ್ ದರ ಸೆಕೆಂಡಿಗೆ 100 ಕೋಟಿ. ಇಂಗಾಲ ತಡೆದುಕೊಳ್ಳುತ್ತದೆ, ನೀರಿಗೆ ಮತ್ತೆ ಜೋಡಿಸಿಕೊಳ್ಳಲು ಸಮಯ ಸಾಲದು. ಶೇ 0.1 ಒತ್ತಿ 20 ಪಿಕೋಸೆಕೆಂಡ್ ಬಿಡಿ, ಕೊನೆಯ 10ರ ಸರಾಸರಿ ಮಾತ್ರ ತೆಗೆದುಕೊಳ್ಳಿ. ಬಕ್ಲಿಂಗ್ ಹತ್ತಿರ ಬಂದಾಗ 100ಕ್ಕೆ ಏರಿಸಿ. ಕಾಲದ ಹೆಜ್ಜೆ 0.5 ಫೆಮ್ಟೋಸೆಕೆಂಡ್. ಪ್ರತಿ ಕ್ಷೇತ್ರಕ್ಕೂ ಕನಿಷ್ಠ ಐದು ಸೀಡ್ ಓಡಿಸಿ. ಐದರ ಚದುರುವಿಕೆ 3 ನ್ಯಾನೋನ್ಯೂಟನ್ ಇದ್ದು ಕ್ಷೇತ್ರದ ವ್ಯತ್ಯಾಸ 2 ಇದ್ದರೆ ನಿಮ್ಮ ಬಳಿ ಇನ್ನೂ ಫಲಿತಾಂಶ ಇಲ್ಲ.

ಧನ ಝಡ್ ಮತ್ತು ಋಣ ಝಡ್ ಎರಡೂ ಕಡೆ ಕ್ಷೇತ್ರ ಕೊಟ್ಟು ನೋಡಿ. ಎರಡು ತುದಿಯೂ ಒಂದೇ ಬಗೆಯಾಗಿದ್ದರೆ ಸರಾಸರಿ ಬಕ್ಲಿಂಗ್ ಬಲ ಒಂದೇ ಬರಬೇಕು. ಬಾರದಿದ್ದರೆ ತುದಿಗಳಲ್ಲಿ ಒಂದಕ್ಕೆ ಮುಚ್ಚಳ ಸರಿಯಾಗಿ ಕೂತಿಲ್ಲ, ಇಲ್ಲವೇ ಒಂದು ಕಡೆಯಿಂದ ಮಾತ್ರ ತಳ್ಳುತ್ತಿದ್ದೀರಿ.

ಮಾದರಿಯೇ ಹೇಳಲಾಗದ ಸಂಗತಿ

(10,10) ಸೇರಿದಂತೆ, ಎರಡೂ ಸೂಚ್ಯಂಕ ಒಂದೇ ಇರುವ ಆರ್ಮ್‌ಚೇರ್ ನಳಿಕೆಗಳೆಲ್ಲ ಲೋಹದಂತೆ ವಿದ್ಯುತ್ ಹರಿಸುತ್ತವೆ. ಕ್ಷೇತ್ರದಲ್ಲಿಟ್ಟರೆ ಅವುಗಳ ಎಲೆಕ್ಟ್ರಾನುಗಳು ತುದಿಗಳಿಗೆ ಸರಿದು ಒಳಗಿನ ಕ್ಷೇತ್ರವನ್ನು ಬಹುಪಾಲು ಅಳಿಸಿಹಾಕುತ್ತವೆ. ಚಾರ್ಜ್ ಸೊನ್ನೆ ಎಂದು ಬರೆದ ನಿಮ್ಮ ಇಂಗಾಲಕ್ಕೆ ಇದು ತಿಳಿಯದು. ಹೊರಗೆ ಕೊಟ್ಟ 1 ವೋಲ್ಟ್ ಪೂರ್ತಿ ನೀರಿಗೆ ತಲುಪಿತೆಂದು ಲೆಕ್ಕ ನಡೆಯುತ್ತದೆ. ಲಾಗ್ ಫೈಲಿನಲ್ಲಿ ಎಷ್ಟು ಹುಡುಕಿದರೂ ಈ ದೋಷ ಸಿಗುವುದಿಲ್ಲ, ಮೌಖಿಕ ಪರೀಕ್ಷೆಯಲ್ಲಿ ಸಿಗುತ್ತದೆ. ನಳಿಕೆಯ ಎರಡು ಸೂಚ್ಯಂಕಗಳ ವ್ಯತ್ಯಾಸ ಮೂರರಿಂದ ಭಾಗವಾಗದಿದ್ದರೆ ಅದು ಅರೆವಾಹಕ, ತೊಂದರೆ ಪೂರ್ತಿ ಹೋಗದಿದ್ದರೂ ಬಹಳ ತಗ್ಗುತ್ತದೆ. (10,10)ಗೆ ಬದಲು (17,0) ತೆಗೆದುಕೊಳ್ಳಿ: ವ್ಯಾಸ 1.331 ನ್ಯಾನೋಮೀಟರ್, ಹೆಚ್ಚುಕಡಿಮೆ ಅಷ್ಟೇ. 23 ಆವರ್ತನ ಹಾಕಿದರೆ 1,564 ಇಂಗಾಲ, 9.80 ನ್ಯಾನೋಮೀಟರ್ ಉದ್ದ. ವ್ಯಾಸ ತುಸು ಕಿರಿದಾದ್ದರಿಂದ ನೀರಿನ ಸಂಖ್ಯೆಯನ್ನು ಮಾತ್ರ ಮತ್ತೆ ತೊಟ್ಟಿಯಿಟ್ಟು ಎಣಿಸಬೇಕು, ಹಳೆಯ 265 ನಡೆಯದು.